ಇಂಪಾಗಿ ನುಡಿದ ಅಲಗು

“ಪೆಟ್ಟು ಬಿದ್ದಿದ್ದರೆ ಗುರುತು ಇರಬೇಕಲ್ಲವೆ, ಗುರುಗಳೇ?” ಎಂದು ಪಂಚಾಕ್ಷರಿ ಕೇಳಿದ.

ಮಠದ ಪಾಠಶಾಲೆಯಲ್ಲಿ ಮಧ್ಯಾಹ್ನದ ಪಾಠ ಮುಗಿದಿತ್ತು. ಉಳಿದ ಶಿಷ್ಯರು ಎದ್ದು ಹೋಗಿದ್ದರು. ಪಂಚಾಕ್ಷರಿ ಮಾತ್ರ ಕೂತಲ್ಲೇ ಕೂತು ಚಾಪೆಯ ಅಂಚಿನ ಎಳೆ ಕೀಳುತ್ತಿದ್ದ. ಗುರು ನಿರ್ವಾಣಯ್ಯನವರು ಯಾವ ಪೆಟ್ಟು, ಯಾರಿಗೆ ಬಿದ್ದದ್ದು ಎಂದು ವಿಚಾರಿಸಿದರು. ಚಾಪೆ ಮಠದ್ದು, ಅದನ್ನು ಬಿಡು ಎಂದೂ ಸೇರಿಸಿದರು.

ಪಂಚಾಕ್ಷರಿ ತಡವರಿಸುತ್ತ ಹೇಳಿದ. ಹೋದ ವಾರ ಅವನ ಜೊತೆಯ ಶಿಷ್ಯ ಚನ್ನವೀರ ಮೊದಲ ಸಲ ಎದ್ದು ನಿಂತು ಪ್ರವಚನದ ಅಭ್ಯಾಸ ಮಾಡಿದ್ದ. ನಡುವೆ ಮಾತು ಕಟ್ಟಿಕೊಂಡಿತು. ‘ಅಂದರೆ, ಅಂದರೆ’ ಎನ್ನುತ್ತ ನಾಲ್ಕು ಸಲ ನಿಂತ. ಶಲ್ಯದ ತುದಿಯನ್ನು ಒದ್ದೆ ಬಟ್ಟೆಯಂತೆ ಹಿಂಡಿದ. ಅಂದು ಊಟದ ಪಂಕ್ತಿಯಲ್ಲಿ ಪಂಚಾಕ್ಷರಿ ಅದನ್ನೇ ಮಾಡಿ ತೋರಿಸಿದ. ಶಲ್ಯ ಹಿಂಡುವುದನ್ನೂ ಬಿಡಲಿಲ್ಲ. ಪಂಕ್ತಿಗೆ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು. ಚನ್ನವೀರನೂ ನಕ್ಕ. ಎಲ್ಲರಿಗಿಂತ ಜೋರಾಗಿಯೇ ನಕ್ಕ.

ಆಮೇಲೂ ಚನ್ನವೀರ ಮಾತು ಬಿಟ್ಟಿಲ್ಲ, ಮುಖ ತಿರುಗಿಸಿಲ್ಲ. ಇವತ್ತು ಬೆಳಿಗ್ಗೆ ಕೂಡ ಬಾವಿಕಟ್ಟೆಯಲ್ಲಿ ಹಗ್ಗ ಹಿಡಿದುಕೊಟ್ಟ. ಆದರೂ ಎರಡು ದಿನಗಳಿಂದ ಪಂಚಾಕ್ಷರಿಗೆ ಒಳಗೊಳಗೇ ಏನೋ ಕೊರೆಯುತ್ತಿತ್ತು. ಅವನನ್ನೇ ಕೇಳೋಣವೆಂದರೆ ಮಲಗಿದ್ದನ್ನು ಎಬ್ಬಿಸಿದಂತಾದೀತು. ಕೇಳದೆ ಇರೋಣವೆಂದರೆ ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ. ಮರುದಿನ ಬೆಳಿಗ್ಗೆ ಊರವರ ಮುಂದೆ ಚನ್ನವೀರನ ಮೊದಲ ಪ್ರವಚನವಿತ್ತು. ಅದಕ್ಕೆ ವೇದಿಕೆ ಕಟ್ಟುವ ಸದ್ದು ಹೊರಗಿನಿಂದ ಕೇಳುತ್ತಿತ್ತು. ಅವನೂ ನಕ್ಕನಲ್ಲ, ಅಲ್ಲಿಗೆ ಮುಗಿಯಿತು ಬಿಡು ಎಂದು ಗುರುಗಳು ಒಂದು ಮಾತು ಅಂದಿದ್ದರೆ ಪಂಚಾಕ್ಷರಿಗೆ ಸಾಕಿತ್ತು.

ಗುರುಗಳು ಅದನ್ನು ಅನ್ನಲಿಲ್ಲ. ಮಠಕ್ಕೆ ಬರುವ ಮುಂಚೆ ಅವರು ಬಹಳ ವರ್ಷ ಲೋಹದ ಕೆಲಸದವರ ನಡುವೆ ಇದ್ದವರು. ಅವರು ಹೇಳುವ ಹತ್ತು ಕತೆಗಳಲ್ಲಿ ಎಂಟರಲ್ಲಿ ಕುಲುಮೆ ಇರುತ್ತದೆಂದು ಶಿಷ್ಯರು ಮರೆಯಲ್ಲಿ ಆಡಿಕೊಳ್ಳುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಇದರಲ್ಲೂ ಒಂದು ಕುಲುಮೆ ಇದೆ, ಸಹಿಸಿಕೋ ಎಂದು ಕಾಲು ಮಡಿಸಿ ಕೂತು ಕತೆ ತೆಗೆದರು.

ಒಂದು ಎರಕದ ಮನೆ ಇತ್ತು. ಅಲ್ಲಿ ಗಂಟೆ ಎರೆಯುತ್ತಿರಲಿಲ್ಲ, ಕೊಪ್ಪರಿಗೆ ಎರೆಯುತ್ತಿರಲಿಲ್ಲ. ವಿಮಾನದ ಎಂಜಿನ್ನಿನ ಹೊಟ್ಟೆಯಲ್ಲಿ, ಬೆಂಕಿಯ ಗಾಳಿಗೆ ಎದೆಕೊಟ್ಟು ತಿರುಗುವ ಅಲಗುಗಳನ್ನು ಎರೆಯುತ್ತಿದ್ದರು. ಒಂದೊಂದೂ ಅಂಗೈಯಷ್ಟು ಉದ್ದ, ಅಷ್ಟೇ. ಆ ಗಾಳಿಯ ಕಾವಿಗೆ ಅಲಗಿನ ಲೋಹವೇ ಕರಗಿಹೋಗಬೇಕು. ಒಳಗೆ ಸಣ್ಣ ಸಣ್ಣ ಕಾಲುವೆ ಬಿಟ್ಟು, ತಂಪು ಗಾಳಿ ಹಾಯಿಸಿ ಅದನ್ನು ಉಳಿಸಿಕೊಳ್ಳುತ್ತಾರೆ. ಸುಡುವುದು ಸಾಲದೆಂದು ಎಳೆತ ಬೇರೆ. ತಿರುಗುವ ರಭಸಕ್ಕೆ ಒಂದೊಂದು ಅಲಗಿನ ತುದಿಗೂ ತುಂಬಿದ ಲಾರಿಯನ್ನು ತೂಗುಹಾಕಿದಷ್ಟು ಭಾರ ಬೀಳುತ್ತದೆ.

ಸಾಮಾನ್ಯ ಲೋಹ ಇದಕ್ಕೆ ತಾಳುವುದಿಲ್ಲ. ನಮ್ಮ ಕಣ್ಣಿಗೆ ಅದು ಒಂದೇ ಗಟ್ಟಿ. ಒಳಗೆ ನೋಡಿದರೆ ಸಾವಿರಾರು ಹರಳುಗಳು ಒಂದನ್ನೊಂದು ಒತ್ತಿಕೊಂಡು ಕೂತಿರುತ್ತವೆ. ಕಾವು ಏರಿದಾಗ ಮೊದಲು ಸಡಿಲುವುದು ಹರಳಲ್ಲ. ಹರಳಿಗೂ ಹರಳಿಗೂ ನಡುವಿನ ಸಂದು. ಅಲಗು ಒಂದೇ ಏಟಿಗೆ ಮುರಿಯುವುದೂ ಇಲ್ಲ. ನವಾರಿನ ಮಂಚ ಜೋತುಬೀಳುವ ಹಾಗೆ ದಿನಕ್ಕೆ ಇಷ್ಟಿಷ್ಟೇ ಹಿಗ್ಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಒಂದು ದಿನ ಆ ಸಂದಿನಲ್ಲೇ ಕಿತ್ತುಕೊಂಡು ಬರುತ್ತದೆ.

ಹಾಗಾದರೆ ಸಂದೇ ಇಲ್ಲದ ಅಲಗು ಬೇಕು. ಬುಡದಿಂದ ತುದಿಯವರೆಗೆ ಇಡೀ ಅಲಗು ಒಂದೇ ಹರಳಾಗಬೇಕು. ಆಗುತ್ತದೆಯೇ ಎಂದು ನೀನು ಹುಬ್ಬೇರಿಸಬೇಡ, ಆಗುತ್ತದೆ. ಕಾದ ಕುಲುಮೆಯೊಳಗೆ ಅಚ್ಚು ನಿಲ್ಲಿಸುತ್ತಾರೆ. ಅದರ ಅಡಿಗೆ ತಣ್ಣನೆಯ ತಾಮ್ರದ ತಟ್ಟೆ. ಕರಗಿದ ಲೋಹ ಎರೆದು, ಅಚ್ಚನ್ನು ಕುಲುಮೆಯಿಂದ ಕೆಳಕ್ಕೆ ಇಳಿಸುತ್ತ ಬರುತ್ತಾರೆ. ನಿಮಿಷಕ್ಕೆ ಅರ್ಧ ಅಕ್ಕಿಕಾಳಿನಷ್ಟು. ಆಗ ಲೋಹ ಅಡಿಯಿಂದ ಮೇಲಕ್ಕೆ ಒಂದೇ ದಿಕ್ಕಿನಲ್ಲಿ ಗಟ್ಟಿಯಾಗುತ್ತ ಏರುತ್ತದೆ. ಮೊದಲಿಗೆ ನೂರಾರು ಹರಳು ಹೊರಡುತ್ತವೆ. ದಾರಿಯಲ್ಲಿ ಹಂದಿಯ ಬಾಲದಂತೆ ಸುರುಳಿ ಸುತ್ತಿದ ಇಕ್ಕಟ್ಟು ಕೊಳವೆ ಇರುತ್ತದೆ. ಅದರ ತಿರುವಿನಲ್ಲಿ ಒಂದೊಂದೇ ಹಿಂದೆ ಉಳಿದು, ಕೊನೆಗೆ ಒಂದು ಹರಳು ಮಾತ್ರ ಆಚೆ ಬರುತ್ತದೆ. ಅದೇ ಬೆಳೆದು ಅಲಗಾಗಬೇಕು. ಇಳಿಸುವವನು ಕೊಂಚ ಆತುರಪಟ್ಟರೆ ಯಾವುದೋ ಮೂಲೆಯಲ್ಲಿ ಬೇರೊಂದು ಪುಂಡ ಹರಳು ಹುಟ್ಟಿಕೊಳ್ಳುತ್ತದೆ. ಅಲ್ಲಿಗೆ ಆ ಅಲಗು ಹೋಯಿತು.

ಈ ಮನೆಯಲ್ಲಿ ಅಚ್ಚು ಇಳಿಸುತ್ತಿದ್ದವನು ಮೌನೇಶಾಚಾರಿ. ಗಂಟೆ ಎರೆಯುವವರ ಮನೆತನ. ಅವನ ಅಪ್ಪ ಎರೆದ ಗಂಟೆಗಳು ಹತ್ತೂರಲ್ಲಿ ತೂಗುತ್ತಿದ್ದವು. ಆ ಮನೆತನದಲ್ಲಿ ಒಂದು ವಾಡಿಕೆ ಇತ್ತು. ಅಚ್ಚು ಒಡೆದು ಗಂಟೆ ತೆಗೆದ ಕೂಡಲೇ, ಬೇರೆ ಯಾರೂ ಮಾತಾಡುವ ಮುಂಚೆ, ಎರೆದವನು ಅದನ್ನು ತೂಗುಬಿಟ್ಟು ಪುಟ್ಟ ಸುತ್ತಿಗೆಯಿಂದ ಮೂರು ಸಲ ತಟ್ಟಬೇಕು. ಮೊದಲನೆಯದು ಎಬ್ಬಿಸುವುದಕ್ಕೆ. ಎರಡನೆಯದು ಕೇಳುವುದಕ್ಕೆ. ಮೂರನೆಯದು ಮೆಚ್ಚುವುದಕ್ಕೆ. ತಟ್ಟದ ಗಂಟೆ ಆ ಮನೆಯ ಹೊಸಿಲು ದಾಟುತ್ತಿರಲಿಲ್ಲ. ಅಪ್ಪನ ಆ ಸುತ್ತಿಗೆಯನ್ನು ಮೌನೇಶಾಚಾರಿ ತನ್ನ ಸಾಮಾನಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ. ಎರಡು ವರ್ಷವಾದರೂ ಅದನ್ನು ಹೊರಗೆ ತೆಗೆದಿರಲಿಲ್ಲ. ತಟ್ಟಿ ಮೆಚ್ಚುವಂಥದ್ದು ಒಂದೂ ಬಂದಿರಲಿಲ್ಲ.

ಎರಡು ವರ್ಷ ಎಂದರೆ ಸುಮ್ಮನೆ ಅಲ್ಲ. ಎಷ್ಟು ಸಲ ಎರೆದರೂ ಎಲ್ಲೋ ಒಂದು ಪುಂಡ ಹರಳು. ಆ ಮನೆಯ ಮುಖ್ಯಸ್ಥೆ ಕುಮುದಿನಿ ಎಂಬಾಕೆ. ಈ ದಾರಿಯಲ್ಲೇ ಹೋಗೋಣ ಎಂದು ಎಲ್ಲರನ್ನೂ ಒಪ್ಪಿಸಿದವರು ಆಕೆ. ಅರವತ್ತು ಜನ ಆಕೆಯ ಮಾತು ನಂಬಿ ದುಡಿಯುತ್ತಿದ್ದರು. ಕೆಲಸ ಕೊಟ್ಟ ಇಲಾಖೆಯವರ ತಾಳ್ಮೆ ಮಾತ್ರ ಮುಗಿದಿತ್ತು. ಈ ತಿಂಗಳೊಳಗೆ ಒಂದೇ ಒಂದು ಅಲಗು ಕೊಡಿ, ಕಾವಿನಲ್ಲಿಟ್ಟು ನೂರು ಗಂಟೆ ಜಗ್ಗಿ ನೋಡುತ್ತೇವೆ ಎಂದರು. ತಾಳಿದರೆ ಕೆಲಸ ನಡೆಯಲಿ. ಮುರಿದರೆ ನೀವು ಹಿಡಿದ ದಾರಿಯೇ ತಪ್ಪು, ಬಾಗಿಲು ಹಾಕಿಬಿಡೋಣ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಹೋದರು.

ಆ ತಿಂಗಳು ಎಂಟು ಅಲಗು ಎರೆದರು. ಮೌನೇಶಾಚಾರಿ ಕಣ್ಣು ಮಿಟುಕಿಸದೆ ಇಳಿಸಿದ. ಮೇಲಿನ ಅಚ್ಚಿನ ಚಿಪ್ಪನ್ನು ನೀರಿನ ಧಾರೆಯಲ್ಲಿ ಬಿಡಿಸಿ, ಅಲಗುಗಳನ್ನು ಆಸಿಡ್ಡಿನಲ್ಲಿ ಅದ್ದಿ ತೆಗೆದರು. ಹಾಗೆ ಅದ್ದಿದರೆ ಹರಳುಗಳು ಬೇರೆ ಬೇರೆ ಹೊಳಪಿನಲ್ಲಿ ಎದ್ದು ಕಾಣುತ್ತವೆ. ಏಳರಲ್ಲಿ ಕಲೆ ಕಂಡಿತು. ಎಂಟನೆಯದರಲ್ಲಿ ಕಾಣಲಿಲ್ಲ. ತಿರುಗಿಸಿದರು, ಬೆಳಕಿಗೆ ಹಿಡಿದರು, ಮಸೂರದಲ್ಲಿ ನೋಡಿದರು. ಬುಡದಿಂದ ತುದಿಯವರೆಗೆ ಒಂದೇ ಹೊಳಪು. ಕುಮುದಿನಿ ಗೋಡೆಯ ಕಡೆಗೆ ತಿರುಗಿ ಕಣ್ಣು ಒರೆಸಿಕೊಂಡರು. ಯಾರೋ ಸಿಹಿ ತರುತ್ತೇನೆಂದು ಓಡಿದರು. ಎಲ್ಲರೂ ಹೊರಗೆ ನಡೆದರು. ಅಲಗನ್ನು ಬಟ್ಟೆಯಲ್ಲಿ ಸುತ್ತಿಡುವುದಕ್ಕೆ ಮೌನೇಶಾಚಾರಿಯೊಬ್ಬನೇ ಒಳಗೆ ಉಳಿದ.

ಅವನು ಏನು ಮಾಡಿದನೆಂದು ನಿನಗೆ ಆಗಲೇ ಗೊತ್ತಾಯಿತು. ನಗಬೇಡ. ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು, ಕಾಸುವ ಮುನ್ನ ಅಲಗಿಗೆ ಸುತ್ತಿಗೆ ಮುಟ್ಟಿಸಬಾರದು ಎಂದು. ಎರೆದ ಅಲಗನ್ನು ಇನ್ನೊಂದು ಕುಲುಮೆಯಲ್ಲಿ, ಇನ್ನೇನು ಕರಗಬೇಕು ಅನ್ನುವಷ್ಟರವರೆಗೆ ಕಾಸಿ ಹದಗೊಳಿಸುವುದು ಬಾಕಿ ಇತ್ತು. ಆ ಬರಹವನ್ನು ಅವನು ದಿನಾ ಓದುತ್ತಿದ್ದ. ಕೈ ಒರಟಾದವರಿಗೆ ಬರೆದದ್ದು ಅಂದುಕೊಂಡಿದ್ದ. ನೆಲಕ್ಕೆ ಬಡಿದಾರು, ಮೂಲೆ ಮುರಿದಾರು ಎಂಬ ಭಯಕ್ಕೆ ಬರೆದಿದ್ದಾರೆ, ತನಗಲ್ಲ. ಅವನ ಕೈ ಗಂಟೆಯವರ ಕೈ. ಅಲಗಿನ ಬುಡಕ್ಕೆ ದಾರ ಕಟ್ಟಿ ತೂಗುಬಿಟ್ಟ. ಮೈಮೇಲೆ ಗುರುತಾಗಬಾರದೆಂದು, ಬುಡವೂ ಅಲಗೂ ಕೂಡುವ ಒಳಮೂಲೆಗೆ ಅಪ್ಪನ ಸುತ್ತಿಗೆಯಿಂದ ತಟ್ಟಿದ. ಮೊದಲನೆಯದು ಮೆಲ್ಲಗೆ. ಎರಡನೆಯದು ಕೊಂಚ ಬಿಗಿಯಾಗಿ. ಮೂರನೆಯದನ್ನು ಸಂತೋಷಕ್ಕೆ ತಟ್ಟಿದ, ಅದು ಎಷ್ಟು ಬಿಗಿಯಾಗಿತ್ತೋ ಅವನಿಗೇ ನೆನಪಿಲ್ಲ.

ಅಲಗು ನುಡಿಯಿತು. ಸಣ್ಣ ಸ್ವರ, ಉದ್ದನೆಯದು, ಎಲ್ಲೂ ಬಿರುಕಿಲ್ಲದ್ದು. ಅಂಥ ಇಂಪನ್ನು ಅವನ ಅಪ್ಪನ ಯಾವ ಗಂಟೆಯಲ್ಲೂ ಅವನು ಕೇಳಿರಲಿಲ್ಲ. ಮಸೂರ ಹಿಡಿದು ತಟ್ಟಿದ ಜಾಗ ನೋಡಿದ. ಏನೂ ಇಲ್ಲ. ಬಟ್ಟೆ ಸುತ್ತಿ ಇಟ್ಟು, ಹೊರಗೆ ಹೋಗಿ ಎಲ್ಲರ ಜೊತೆ ಸಿಹಿ ತಿಂದ. ಎರಡು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡು ಮಲಗಿದ.

ಮರುದಿನ ಬೆಳಿಗ್ಗೆ ಇಲಾಖೆಯಿಂದ ಮೂವರು ಬಂದರು. ಅಲಗನ್ನು ಎಕ್ಸ್-ರೇಯಲ್ಲಿ ನೋಡಿದರು. ಹರಳು ನೆಟ್ಟಗಿದೆ, ಒಂದೇ ಇದೆ ಎಂದಾಯಿತು. ಕುಲುಮೆಗೆ ಇಡುವ ಮುಂಚೆ ಕುಮುದಿನಿ ಅಲಗನ್ನು ಅಂಗೈಮೇಲೆ ಇಟ್ಟುಕೊಂಡು ಅವರಿಗೆ ವಿವರಿಸುತ್ತಿದ್ದರು. ಮೌನೇಶಾಚಾರಿ ಹಿಂದೆ ನಿಂತಿದ್ದ. ಇಷ್ಟು ಹೊತ್ತು ಇದನ್ನು ಮೊಟ್ಟೆಯ ಹಾಗೆ ಕಾಪಾಡಿದ್ದೇವೆ ಎಂದರು ಆಕೆ. ಯಾಕೆಂದು ಒಬ್ಬರು ಕೇಳಿದರು. ತಣ್ಣಗಿರುವಾಗ ಇದಕ್ಕೆ ಒಂದು ಪೆಟ್ಟು ಬಿದ್ದರೂ ಒಳಗೆ ಒಂದು ಬಿಗಿ ಕೂತುಬಿಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ ಎಂದು ಕುಮುದಿನಿ ಹೇಳಿದರು. ಆ ಬಿಗಿ ಸುಮ್ಮನೆ ಕಾದಿರುತ್ತದೆ. ದೊಡ್ಡ ಕಾವಿಗೆ ಇಟ್ಟಾಗ ಅದೇ ಜಾಗದಲ್ಲಿ ಲೋಹ ಹೊಸದಾಗಿ ಮೊಳೆತು, ಸಣ್ಣ ಸಣ್ಣ ಹರಳುಗಳು ಹುಟ್ಟಿಕೊಳ್ಳುತ್ತವೆ. ಹರಳು ಹುಟ್ಟಿತೆಂದರೆ ಸಂದು ಹುಟ್ಟಿತು. ಆಮೇಲೆ ಅಲಗು ಮುರಿಯುವುದು ಅಲ್ಲೇ.

ಮೌನೇಶಾಚಾರಿಯ ಎದೆ ಧಸಕ್ಕೆಂದಿತು. ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಕುಮುದಿನಿ ತಿರುಗಿ, ಇದನ್ನು ಇಳಿಸಿದ ಕೈ ಇವರದು ಎಂದು ಅವನನ್ನು ಮುಂದಕ್ಕೆ ಕರೆದರು. ಮೂವರೂ ಅವನ ಕೈ ಕುಲುಕಿದರು. ಅದೇ ಬಲಗೈ. ಬೆವರಿದ್ದ ಕೈಯನ್ನು ಅವನು ಅಂಗಿಗೆ ಒರೆಸಿಕೊಳ್ಳುವಷ್ಟರಲ್ಲಿ ಅಲಗು ಒಳಗೆ ಹೋಗಿತ್ತು, ಕುಲುಮೆಯ ಬಾಗಿಲು ಹಾಕಿತ್ತು.

ಆ ಕುಲುಮೆಯ ಕಾವು ಒಂದೇ ಸಲಕ್ಕೆ ಏರುವುದಿಲ್ಲ. ಮೆಟ್ಟಿಲು ಹತ್ತಿದ ಹಾಗೆ ಏರಿ, ನಿಂತು, ಮತ್ತೆ ಏರುತ್ತದೆ. ಎಂಟುನೂರು ಡಿಗ್ರಿಗೆ ಒಂದು ನಿಲುಗಡೆ. ಅಲ್ಲಿ ಹೇಳುತ್ತೇನೆ ಎಂದು ಮೌನೇಶಾಚಾರಿ ನಿಶ್ಚಯ ಮಾಡಿಕೊಂಡ. ಎಂಟುನೂರು ಬಂತು. ಕುಮುದಿನಿ ಅತಿಥಿಗಳಿಗೆ ಉಪ್ಪಿಟ್ಟು ಬಡಿಸುತ್ತಿದ್ದರು. ಮೂವರ ಎದುರಿಗೆ ಹೇಗೆ ಹೇಳುವುದು, ಆಕೆ ಒಬ್ಬರೇ ಸಿಗಲಿ ಎಂದು ಸುಮ್ಮನಾದ. ಸ್ವಲ್ಪ ಹೊತ್ತಿಗೆ ಆಕೆ ಒಬ್ಬರೇ ಸಿಕ್ಕರು. ಸಿಕ್ಕರೇನು, ತಾವೇ ಟೀ ಲೋಟ ಹಿಡಿದು ಅವನಿದ್ದಲ್ಲಿಗೆ ಬಂದರು. ಬೆಳಿಗ್ಗೆಯಿಂದ ನಿಂತೇ ಇದ್ದೀರಿ, ಕೂತುಕೊಳ್ಳಿ ಎಂದು ಉಪಚಾರ ಮಾಡಿದರು. ಅಷ್ಟು ನಗುಮುಖ ಅವನು ಎರಡು ವರ್ಷದಲ್ಲಿ ನೋಡಿರಲಿಲ್ಲ. ಟೀ ಕುಡಿದ. ನಾಲಿಗೆ ಸುಟ್ಟಿತು. ಲೋಟ ತೊಳೆಯಲು ಎದ್ದು ಹೋದ.

ಅವನೊಳಗೆ ಇನ್ನೊಬ್ಬ ಕೂತು ವಾದ ಮಾಡುತ್ತಿದ್ದ. ಮೂರು ತಟ್ಟು, ಅದೇನು ಮಹಾ? ಅಪ್ಪ ಜೀವಮಾನವಿಡೀ ತಟ್ಟಿದರು, ಯಾವ ಗಂಟೆ ಒಡೆಯಿತು? ಎಷ್ಟು ಇಂಪಾಗಿ ನುಡಿಯಿತು ನೋಡು. ನೋವಾಗಿದ್ದರೆ ಹಾಗೆ ನುಡಿಯುತ್ತಿತ್ತೇ? ಈ ಮಾತು ಕೇಳಿ ಒಂದು ಗಳಿಗೆ ಮೌನೇಶಾಚಾರಿಗೆ ಉಸಿರು ಬಂದಂತಾಗುತ್ತಿತ್ತು. ಮರುಗಳಿಗೆ ಗೋಡೆಯ ಕೆಂಪಕ್ಷರ ಕಣ್ಣಿಗೆ ಬೀಳುತ್ತಿತ್ತು.

ಸಾವಿರದ ನೂರು ಡಿಗ್ರಿಗೆ ಎರಡನೆಯ ನಿಲುಗಡೆ. ಅಲ್ಲಿ ಒಂದು ಗಂಟೆ ತಡೆಯುತ್ತಾರೆ. ಆಮೇಲೆ ಕಾವು ನಿಲ್ಲದೆ ಏರುತ್ತದೆ. ಇದೇ ಕೊನೆಯ ಬಾಗಿಲೆಂದು ಅವನ ಮನಸ್ಸಿಗೆ ಹೊಳೆಯಿತು. ಏನಾದರಾಗಲಿ, ಮರ್ಯಾದೆ ಹೋದರೆ ಹೋಗಲಿ ಎಂದು ಎದ್ದ. ನಾಲ್ಕು ಹೆಜ್ಜೆ ಇಟ್ಟ. ಇಲಾಖೆಯವರಲ್ಲಿ ಹಿರಿಯರೊಬ್ಬರು ಅಡ್ಡ ಬಂದು, ನಿಮ್ಮ ತಂದೆ ದೊಡ್ಡ ಗಂಟೆ ಎರೆಯುತ್ತಿದ್ದರಂತೆ, ಹೇಗೆ ಎರೆಯುತ್ತಿದ್ದರು ಹೇಳಿ ಎಂದು ಪ್ರೀತಿಯಿಂದ ಕೇಳಿದರು. ಮೌನೇಶಾಚಾರಿ ಹೇಳತೊಡಗಿದ. ಮೇಣ ಹೇಗೆ ಮೆತ್ತುವುದು, ಮಣ್ಣು ಯಾವ ಕೆರೆಯದು, ತವರ ಎಷ್ಟು, ತಾಮ್ರ ಎಷ್ಟು. ಮಾತು ಮಾತಿಗೆ ಹತ್ತಿಕೊಂಡಿತು. ಬೇಕೆಂದೇ ಹತ್ತಿಸಿಕೊಂಡನೋ ಏನೋ, ಅವನನ್ನು ಕೇಳಿದರೂ ಹೇಳಲಾರ. ಮಾತು ಮೂರು ಸಲ ತಟ್ಟುವ ವಾಡಿಕೆಯ ಹತ್ತಿರ ಬಂತು. ಅದೊಂದನ್ನು ಬಿಟ್ಟು ಮುಂದೆ ಹೋದ.

ತಿರುಗಿ ನೋಡುವಾಗ ಅಂಕಿ ಸಾವಿರದ ಇನ್ನೂರನ್ನು ದಾಟಿತ್ತು.

ಇನ್ನು ಹೇಳಿ ಪ್ರಯೋಜನವಿಲ್ಲ ಅಂದುಕೊಂಡ. ಹಾಗೆ ಅಂದುಕೊಂಡ ಕೂಡಲೇ ಎದೆಯ ಭಾರ ಒಂದಿಷ್ಟು ಇಳಿಯಿತು. ಇಳಿದದ್ದು ತಿಳಿದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಕುಲುಮೆಗೆ ಒಂದು ಪುಟ್ಟ ಗಾಜಿನ ಕಿಂಡಿ ಇತ್ತು. ಅದರಲ್ಲಿ ಇಣುಕಿದ. ಅಲಗು ಬೆಳ್ಳಗೆ ಉರಿಯುತ್ತಿತ್ತು. ಒಳಮೂಲೆಯಲ್ಲಿ ಈಗ ಏನು ಮೊಳೆಯುತ್ತಿದೆಯೋ ಎಂದು ನೋಡಿದ. ಎಷ್ಟು ನೋಡಿದರೂ ಕಾಣುವಂಥದ್ದಲ್ಲ.

ಅದು ತಣ್ಣಗಾಗಿ ಹೊರಗೆ ಬರುವಾಗ ಮರುದಿನ ಬೆಳಿಗ್ಗೆಯಾಗಿತ್ತು. ಮತ್ತೆ ಆಸಿಡ್ಡಿಗೆ ಅದ್ದಿದರು. ಮೈಯೆಲ್ಲ ನೋಡಿದರು. ಬುಡದ ಒಳಮೂಲೆ ಕಣ್ಣು ಹೋಗದ ಜಾಗ. ಅಲ್ಲಿ ಯಾಕೆ ನೋಡಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ಸರಿಯಾಗಿದೆ ಎಂದರು. ಇಲಾಖೆಯ ಗಾಡಿ ಬಾಗಿಲಲ್ಲಿ ನಿಂತಿತ್ತು. ಕುಮುದಿನಿ ಪೆಟ್ಟಿಗೆಗೆ ಹತ್ತಿ ಹಾಸಿ, ಅಲಗು ಇಟ್ಟು, ಮೇಲೆ ಅಂಟಿಸುವ ಚೀಟಿಯನ್ನು ತಾವೇ ಕೂತು ಬರೆಯುತ್ತಿದ್ದರು. ಅರವತ್ತು ಜನ ಕೆಲಸ ಬಿಟ್ಟು ಸುತ್ತ ನಿಂತಿದ್ದರು.

ಆಗ ಮೌನೇಶಾಚಾರಿಗೆ ಒಂದು ವಿಚಾರ ಬಂತು. ನಿನ್ನೆಯೆಲ್ಲ ತನ್ನ ಮಾನದ ಲೆಕ್ಕವನ್ನೇ ಮಾಡುತ್ತಿದ್ದವನಿಗೆ ಇದು ಹೊಳೆದೇ ಇರಲಿಲ್ಲ. ಈ ಅಲಗು ಜಗ್ಗುವಾಗ ಮುರಿದರೆ, ಆಚಾರಿ ತಟ್ಟಿದ್ದಕ್ಕೆ ಮುರಿಯಿತು ಎಂದು ಯಾರೂ ಹೇಳುವುದಿಲ್ಲ. ಒಂಟಿ ಹರಳು ಎಂಬುದೇ ಸುಳ್ಳು, ಕುಮುದಿನಿ ಹಿಡಿದ ದಾರಿಯೇ ತಪ್ಪು ಎನ್ನುತ್ತಾರೆ. ಅವನಿಗೆ ಏನೂ ಆಗುವುದಿಲ್ಲ. ಆಗುವುದೆಲ್ಲ ಅಲಗಿನ ತಲೆಯ ಮೇಲೆ, ಅದನ್ನು ನಂಬಿದವರ ತಲೆಯ ಮೇಲೆ. ಜನರನ್ನು ಸರಿಸಿಕೊಂಡು ಮೇಜಿನ ಹತ್ತಿರ ಹೋದ.

“ಮೇಡಂ, ಅದನ್ನು ಕಳಿಸಬೇಡಿ. ಕಾಸುವ ಮುಂಚೆ ನಾನು ಅದಕ್ಕೆ ಸುತ್ತಿಗೆ ಮುಟ್ಟಿಸಿದ್ದೇನೆ. ಸ್ವರ ಕೇಳುವುದಕ್ಕೆ ಮೂರು ಸಲ ತಟ್ಟಿದೆ. ತುಂಬ ಇಂಪಾಗಿ ನುಡಿಯಿತು, ಮೇಡಂ. ಅದಕ್ಕೇ ಏನೂ ಆಗಿಲ್ಲ ಅಂದುಕೊಂಡೆ.”

ಕುಮುದಿನಿ ಪೆನ್ನು ಕೆಳಗಿಟ್ಟರು. ಎಲ್ಲಿ ತಟ್ಟಿದಿರಿ ಎಂದಷ್ಟೇ ಕೇಳಿದರು. ಅವನು ಬೆರಳಿಟ್ಟು ತೋರಿಸಿದ. ಆಕೆ ಅಲಗನ್ನು ಒಳಗೆ ತೆಗೆದುಕೊಂಡು ಹೋಗಿ, ಅದೇ ಜಾಗದಲ್ಲಿ ಕತ್ತರಿಸಿ, ನುಣುಪು ಮಾಡಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಅವನನ್ನೂ ಕರೆದು ನೋಡಿ ಎಂದರು. ಅಲಗೆಲ್ಲ ತಿಳಿಯಾಗಿತ್ತು. ಆ ಮೂಲೆಯಲ್ಲಿ ಮಾತ್ರ ಸಾಸಿವೆ ಚೆಲ್ಲಿದ ಹಾಗೆ ಪುಟ್ಟ ಪುಟ್ಟ ಹರಳು. ಪ್ರತಿಯೊಂದರ ಸುತ್ತ ಒಂದೊಂದು ಸಂದು. ಅವನು ತಟ್ಟಿದ್ದು ಮೂರೇ ಸಲ.

ಆಕೆ ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಆ ತುಂಡನ್ನು ಬಟ್ಟೆಯ ಮೇಲಿಟ್ಟು ಅವನ ಕಡೆ ತಿರುಗಿದರು.

“ನಿನ್ನೆ ಬೆಳಿಗ್ಗೆ ಹೇಳಿದ್ದರೆ ಇದನ್ನು ಉಳಿಸುವುದಕ್ಕೆ ನೋಡಬಹುದಿತ್ತು, ಆಚಾರ್ರೇ. ತಟ್ಟಿದ ಜಾಗದ ಪದರವನ್ನು ಆಸಿಡ್ಡಿನಲ್ಲಿ ಮೆಲ್ಲಗೆ ತೆಗೆದು, ಮಧ್ಯಮ ಕಾವಿನಲ್ಲಿ ದಿನವಿಡೀ ಇಟ್ಟಿದ್ದರೆ ಒಳಗಿನ ಬಿಗಿ ತಾನಾಗಿ ಇಳಿಯುತ್ತಿತ್ತು. ಆದರೆ ಪೆಟ್ಟು ಎಲ್ಲಿ ಬಿದ್ದಿದೆ ಎಂದು ನಿಮಗೊಬ್ಬರಿಗೇ ಗೊತ್ತಿತ್ತು.”

ಮೌನೇಶಾಚಾರಿ ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ಇಲಾಖೆಯವರ ಮುಂದೆ ನಿಂತು, ಅಪ್ಪನ ಗಂಟೆಯ ಕತೆಯಲ್ಲಿ ತಾನು ಬಿಟ್ಟಿದ್ದ ಭಾಗವನ್ನು ಹೇಳಿದ. ಕುಮುದಿನಿ ಕತ್ತರಿಸಿದ ತುಂಡನ್ನು ತೋರಿಸಿದರು. ಮೂವರೂ ಸೂಕ್ಷ್ಮದರ್ಶಕದಲ್ಲಿ ಬಗ್ಗಿ ಬಗ್ಗಿ ನೋಡಿದರು. ದಾರಿ ತಪ್ಪಲ್ಲ, ತಪ್ಪಿದ್ದು ಕೈ ಎಂದು ಒಪ್ಪಿಕೊಂಡು, ಇನ್ನೊಂದಿಷ್ಟು ಕಾಲಾವಕಾಶ ಕೊಟ್ಟು ಹೊರಟುಹೋದರು. ಅರವತ್ತು ಜನ ಮತ್ತೆ ಅಚ್ಚಿಗೆ ಮೇಣ ಕರಗಿಸಿ ಮೊದಲಿನಿಂದ ಶುರುಮಾಡಿದರು. ಮೌನೇಶಾಚಾರಿಯ ಜೊತೆ ಆ ದಿನ ಯಾರೂ ಮಾತಾಡಲಿಲ್ಲ. ಮಾರನೆಯ ದಿನ ಒಬ್ಬರು ಮಾತಾಡಿದರು.

ಇನ್ನೊಂದು ಒಂಟಿ ಹರಳಿನ ಅಲಗು ಬರುವುದಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಅದನ್ನೂ ಅವನೇ ಇಳಿಸಿದ. ಅದು ನೂರು ಗಂಟೆಯ ಎಳೆತವನ್ನು ತಾಳಿತು, ಇನ್ನೂರನ್ನೂ ತಾಳಿತು. ಅದನ್ನು ಚಿಪ್ಪಿನಿಂದ ಬಿಡಿಸಿದ ದಿನ ಅವನು ಎರಡೂ ಕೈಯಲ್ಲಿ ಎತ್ತಿ, ಕಿವಿಯ ಹತ್ತಿರ ಹಿಡಿದು, ತಟ್ಟದೆ ಸುಮ್ಮನೆ ನಿಂತಿದ್ದನಂತೆ.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ವೇದಿಕೆಗೆ ಮೊಳೆ ಹೊಡೆಯುವ ಸದ್ದು ನಿಂತಿತ್ತು. ಆಳುಗಳು ಜಮಖಾನ ಹಾಸುತ್ತಿದ್ದರು. ಪಂಚಾಕ್ಷರಿ ನೆಟ್ಟಗೆ ಕೂತ. ಅವನ ಮುಖಕ್ಕೆ ಕೊಂಚ ಕಳೆ ಬಂದಿತ್ತು.

“ಅಂತೂ ಮತ್ತೆ ಎರೆದರಲ್ಲ, ಗುರುಗಳೇ,” ಎಂದ.

ನಿರ್ವಾಣಯ್ಯನವರು ಏಳುವುದಕ್ಕೆ ನೆಲಕ್ಕೆ ಕೈ ಊರಿದವರು ಅವನ ಮುಖ ನೋಡಿದರು.

“ಲೋಹವಾದರೆ ಮತ್ತೆ ಕರಗಿಸಿ ಎರೆಯಬಹುದಪ್ಪ; ಚನ್ನವೀರ ನಾಳೆ ಬೆಳಿಗ್ಗೆ ವೇದಿಕೆ ಹತ್ತುತ್ತಾನೆ.”